ದೊಡ್ಡ ಹಾಳೆಯಲ್ಲಿ ಕಟ್ಟಿಕೊಟ್ಟ ಸುಳ್ಳು

ರವಿವಾರ, ೬ ಮಾರ್ಚ್ ೧೯೮೮. ಮುಂಜಾನೆ ಏಳು ಗಂಟೆ ಹತ್ತು ನಿಮಿಷ. ಕುಂದಗೋಳ.

ಒಬ್ಬ ಹೆಂಗಸು ನನ್ನನ್ನು ನಂಬಿ ಒಂದು ಮಾತು ಕೇಳಿದಳು. ನಾನು ‘ಹೌದು’ ಎಂದೆ. ಅದು ಸುಳ್ಳು. ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ಆ ಒಂದು ಮಾತಿನಿಂದ ಅವಳು ಹೋಗಬೇಕಾಗಿದ್ದ ಜಾಗ ಮುಟ್ಟಲಿಲ್ಲ, ಬೇರೆ ಎಲ್ಲಿಗೋ ಹೋದಳು — ಆಮೇಲೆ ಅವಳು ಬದುಕಿದಳೋ ಇಲ್ಲವೋ, ಇದನ್ನು ಬರೆಯುತ್ತಿರುವ ಈ ಹೊತ್ತಿನವರೆಗೂ ನನಗೆ ತಿಳಿದಿಲ್ಲ.

ಆರು ವರ್ಷವಾಯಿತು. ಆಗ ನನಗೆ ಹತ್ತೊಂಬತ್ತು. ಬಿ.ಎಸ್‌ಸಿ.ಯಲ್ಲಿ ಒಂದು ವಿಷಯದಲ್ಲಿ ನಪಾಸಾಗಿ, ಮತ್ತೆ ಪರೀಕ್ಷೆಗೆ ಕಟ್ಟಿಕೊಂಡು ಮನೆಯಲ್ಲಿದ್ದೆ. ನಮ್ಮ ಕಾಕಾ ಇಲ್ಲಿಯ ಡಾಕ್ಟರು. ಸುಮ್ಮನೆ ಕೂಡುವುದು ಬೇಡವೆಂದು ಅವರ ದವಾಖಾನೆಯ ಸಣ್ಣಪುಟ್ಟ ಕೆಲಸ ವಹಿಸಿಕೊಂಡೆ. ರೋಗಿಗಳ ಹೆಸರು ಬರೆಯುವುದು, ಗುಳಿಗೆ ಎಣಿಸಿಡುವುದು, ಕಾಕಾ ಅವರಿಗೆ ಬರುವ ಟಪಾಲು ಸಹಿ ಹಾಕಿ ತೆಗೆದುಕೊಳ್ಳುವುದು. ಆ ಸಹಿಯನ್ನು ಅವರೇ ಕಲಿಸಿಕೊಟ್ಟಿದ್ದರು — ಪ್ರತಿ ಸಲ ಟಪಾಲಿನವನು ಬಂದಾಗ ರೋಗಿಯನ್ನು ಬಿಟ್ಟು ಏಳುವುದು ಅವರಿಗೆ ಬೇಸರ. ಚಿಕ್ಕಂದಿನಿಂದ ನನಗೆ ಎಲ್ಲವನ್ನೂ ಎಣಿಸಿ, ತಾರೀಖು ಹಾಕಿ ಬರೆದಿಡುವ ಚಟ. ಮನೆಯವರು ಅದನ್ನು ಗುಣ ಎನ್ನುತ್ತಿದ್ದರು. ನಾನೂ ಹಾಗೆಯೇ ನಂಬಿದ್ದೆ.

ಕಾಕಾ ಅವರಿಗೆ ತಿಂಗಳಿಗೊಮ್ಮೆ ಡಾಕ್ಟರುಗಳ ಒಂದು ಮಾಸಿಕ ಬರುತ್ತಿತ್ತು. ಇಂಗ್ಲಿಷಿನದು. ಅದರ ಹೆಸರು ಇಲ್ಲಿ ಬೇಡ. ಕಾಗದ ದಪ್ಪ, ನುಣುಪು. ಓದಿ ಹಳತಾದ ಮೇಲೆ ಅದು ಫಕೀರವ್ವನ ಕತ್ತರಿಗೆ ಹೋಗುತ್ತಿತ್ತು. ಫಕೀರವ್ವ ದವಾಖಾನೆಯ ಆಯಾ. ಅಕ್ಷರ ಬಾರದು. ಮೂಗಿಗೆ ಸದಾ ತಪಕೀರಿನ ನಶ್ಯ. ಅವಳು ಆ ಹಾಳೆಗಳನ್ನು ಚೌಕವಾಗಿ ಕತ್ತರಿಸಿ, ಗುಳಿಗೆ ಮತ್ತು ಪುಡಿ ಕಟ್ಟಿಕೊಡಲು ಔಷಧ ಕೊಡುವ ಕಿಂಡಿಯ ಹತ್ತಿರ ಜೋಡಿಸಿ ಇಡುತ್ತಿದ್ದಳು. ಆ ಕಾಗದದಲ್ಲಿ ಕಟ್ಟಿದರೆ ಗುಳಿಗೆ ಬೆವರುವುದಿಲ್ಲ. ನಮ್ಮ ಕಡೆಯ ದವಾಖಾನೆಗಳಲ್ಲಿ ಇದು ವಿಶೇಷವೇನಲ್ಲ. ಇಂಗ್ಲಿಷಿನ ಹೃದಯರೋಗ, ಮಧುಮೇಹಗಳೆಲ್ಲ ಚೂರುಚೂರಾಗಿ ಊರೂರಿಗೆ ಹೋಗಿ, ಒಲೆ ಸೇರುತ್ತಿದ್ದವು.

ಇದು ನನಗೆ ಸರಿಬರಲಿಲ್ಲ. ವರ್ಷವರ್ಷದ ಸಂಚಿಕೆಗಳನ್ನು ಕೂಡಿಸಿ ಹೊಲಿಸಿಡಬೇಕು ಎಂದು ಕಾಕಾ ಅವರಿಗೆ ಹೇಳಿ, ಉಳಿದವುಗಳನ್ನೆಲ್ಲ ತೆಗೆದು ಪುಟ ಎಣಿಸಲು ಕೂತೆ. ಎಣಿಸಿದಾಗ ಒಂದು ವಿಚಿತ್ರ ಕಂಡಿತು. ಕತ್ತರಿಗೆ ಇನ್ನೂ ಹೋಗದ ಸಂಚಿಕೆಗಳಲ್ಲೂ ಒಂದು ಹಾಳೆ ಇಲ್ಲ. ಎಲ್ಲದರಲ್ಲೂ ಅದೇ ಹಾಳೆ. ಒಂದೇ ಒಂದು ಸಂಚಿಕೆಯಲ್ಲಿ ಅದು ಉಳಿದಿತ್ತು.

ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಜಾಹೀರಾತು ಅದು. ಕಾನೂನುಬದ್ಧ ಗರ್ಭಪಾತ. ತಜ್ಞ ವೈದ್ಯೆಯರು. ಗುಟ್ಟು ಕಾಯಲಾಗುವುದು. ಮುಂಜಾನೆ ಬಂದು ಸಂಜೆಗೆ ಮನೆಗೆ. ಎಲ್ಲ ಇಂಗ್ಲಿಷಿನಲ್ಲಿತ್ತು, ಆದರೆ ಕೆಳಗೆ ಕನ್ನಡದಲ್ಲಿ ವಿಳಾಸ, ಮತ್ತು ಬಸ್ ಸ್ಟ್ಯಾಂಡಿನಿಂದ ಬಾಣ ಹಾಕಿದ ದಾರಿಯ ಚಿತ್ರ. ಹಾಳೆ ತಿರುವಿದರೆ ಹಿಂದಿನ ಬದಿಗೆ ಹಾಲಿನ ಪುಡಿಯ ಜಾಹೀರಾತು — ಗುಂಡುಗಲ್ಲದ ನಗುವ ಕೂಸು.

ಫಕೀರವ್ವನನ್ನು ಕೇಳಿದೆ. “ಎಲ್ಲಾ ಪುಸ್ತಕದಾಗೂ ಒಂದs ಹಾಳಿ ಯಾಕ ಇಲ್ಲ?”

“ಇಲಿ ತಿಂದಾವ.”

“ಎಲ್ಲಾ ಇಲಿಗೂ ಅದs ಹಾಳಿ ರುಚಿ ಹತ್ತೇದೇನು?”

“ಇಂಗ್ಲೀಷ್ ಕಲ್ತ ಇಲಿ ಇರಬೇಕು ತಂಗಿ,” ಎಂದು ನಕ್ಕಳು. ನಾನು ನಗಲಿಲ್ಲ. ಅವಳು ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದಳು.

ಅವಳು ಹೇಳಿದ್ದು ಇಷ್ಟು. ಹೊಟ್ಟೆಯಲ್ಲಿದ್ದುದು ಬೇಡವಾದ ಹೆಂಗಸರು ಕಾಕಾ ಅವರ ಹತ್ತಿರ ಬಂದರೆ ಅವರು “ನನ್ನ ಕಡೆ ಅದು ಇಲ್ಲ” ಎನ್ನುತ್ತಾರೆ. ಅದು ನಿಜವೇ, ನಮ್ಮ ದವಾಖಾನೆಗೆ ಅದರ ಪರವಾನಗಿ ಇರಲಿಲ್ಲ. ಆದರೆ ಎಲ್ಲಿದೆ ಎಂದು ಅವರು ಹೇಳುವುದಿಲ್ಲ. ಹೇಳಿದರೆ ಮಾತು ಊರೆಲ್ಲ ಆಗುತ್ತದೆ. ಹೆಂಗಸರೂ ಬಾಯಿಬಿಟ್ಟು ಕೇಳಲಾರರು — ಬೆನ್ನಿಗೆ ಅತ್ತೆ ನಿಂತಿರುತ್ತಾಳೆ, ಇಲ್ಲ ಗಂಡ. ಅದಕ್ಕೆ ಅವರವರಲ್ಲೇ ಒಂದು ಮಾತು ಬೆಳೆದಿತ್ತು. ಕಿಂಡಿಗೆ ಬಂದು, ಬರೆದುಕೊಟ್ಟ ಗುಳಿಗೆ ತೆಗೆದುಕೊಳ್ಳುವಾಗ, “ದೊಡ್ಡ ಹಾಳ್ಯಾಗ ಕಟ್ಟಿ ಕೊಡ್ರಿ” ಎನ್ನಬೇಕು. ಫಕೀರವ್ವ ಚೂರು ಕಾಗದ ಬಿಟ್ಟು ಆ ಪೂರ್ತಿ ಹಾಳೆಯಲ್ಲಿ ಕಟ್ಟಿಕೊಡುವಳು. ಅತ್ತೆಗೆ ಕಾಣುವುದು ಗುಳಿಗೆಯ ಗಂಟು. ಸೊಸೆ ಒಯ್ಯುವುದು ದಾರಿ.

“ಓದಾಕ ಬರೂದಿಲ್ಲಲ್ಲ ಅವರಿಗೆ?” ಎಂದೆ.

“ನನಗರ ಎಲ್ಲಿ ಬರ್ತೈತಿ? ಬಾಣದ ಚಿತ್ರ ನೋಡಿ ನಾ ಹರೀತೀನಿ. ಹುಬ್ಬಳ್ಳ್ಯಾಗ ಓದಾವ್ರು ಸಿಗ್ತಾರ. ಹಾಳಿ ಮುಂದ ಹಿಡದ್ರ ಸಾಕು, ಬಾಯಿ ಬಿಡೂದು ಬ್ಯಾಡ.”

ಅವಳು ಅದನ್ನು ಅಗದಿ ಸಹಜವಾಗಿ ಹೇಳಿದ್ದು, ನನ್ನ ಸಿಟ್ಟಿಗೆ ಇನ್ನಷ್ಟು ಕಾರಣವಾಯಿತು.

ನನ್ನ ಅವ್ವ, ನನಗಿಂತ ಮೊದಲು ಎರಡು, ನನ್ನ ನಂತರ ಒಂದು — ಮೂರು ಕೂಸು ಕಳೆದುಕೊಂಡವಳು. ಮೂರನೆಯದು ನನಗೆ ನೆನಪಿದೆ. ಹುಟ್ಟುವ ಕೂಸಿಗೆಂದು ಹೊಲಿದಿಟ್ಟ ಕುಂಚಿಗೆಯನ್ನು ಅವಳು ಟ್ರಂಕಿನ ತಳಕ್ಕೆ ಇಟ್ಟು, ಮತ್ತೆ ತೆಗೆದು, ಮತ್ತೆ ಇಟ್ಟು… ನಾನು ಆ ಜಾಹೀರಾತು ನೋಡಿದಾಗ ಕಂಡದ್ದು ಆ ಕುಂಚಿಗೆ. ಒಬ್ಬಳು ಅತ್ತು ಹಂಬಲಿಸಿದ್ದನ್ನು ಇನ್ನೊಬ್ಬಳು ಮುಂಜಾನೆ ಹೋಗಿ ಸಂಜೆಗೆ — ಅದೂ ಹಾಲುಪುಡಿಯ ಕೂಸಿನ ಬೆನ್ನಿಗೆ ಅಚ್ಚು ಹಾಕಿ. ಅದು ನನ್ನ ಆಕ್ಷೇಪಣೆ. ಅದು ಕಪಟವಾಗಿರಲಿಲ್ಲ. ಇಷ್ಟನ್ನು ನನ್ನ ಪರವಾಗಿ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ಆ ವಾರವೇ ಮಾಸಿಕದ ಸಂಪಾದಕರಿಗೆ ಪತ್ರ ಬರೆದೆ. ಇಂಗ್ಲಿಷಿನಲ್ಲಿ, ನಿಘಂಟು ಇಟ್ಟುಕೊಂಡು, ಐದು ಸಲ ತಿದ್ದಿ. ವೈದ್ಯರ ಪತ್ರಿಕೆ ಕಾಯಿಲೆ ಗುಣಪಡಿಸುವ ಮಾತಾಡಬೇಕು. ಹಲ್ಲು ಕೀಳಿಸಿದಂತೆ ಇದನ್ನು ಮಾರಬಾರದು. ಕಾನೂನು ಒಪ್ಪಿದ ಮಾತ್ರಕ್ಕೆ ಡಂಗುರ ಹೊಡೆಯಬೇಕಾಗಿಲ್ಲ. ಕೊನೆಗೆ ಇನ್ನೊಂದು ವಾಕ್ಯ — ಹಳ್ಳಿಯ ಕಡೆ ಈ ಪುಟ ವೈದ್ಯರಲ್ಲದವರ ಕೈಗೂ ಬೀಳುತ್ತಿದೆ. ಒಬ್ಬ ಹುಡುಗಿಯ ಪತ್ರವನ್ನು ಯಾರು ಅಚ್ಚು ಹಾಕುತ್ತಾರೆ? ಕಾಕಾ ಅವರ ಹೆಸರಿರುವ ಕಾಗದದ ಮೇಲೆ ಬರೆದು, ಕೆಳಗೆ ಅವರ ಸಹಿ ಹಾಕಿದೆ. ಟಪಾಲಿಗೆ ಹಾಕುತ್ತಿದ್ದ ಅದೇ ಸಹಿ.

ಪತ್ರ ಅಚ್ಚಾಯಿತು. ಅದರ ಮುಂದಿನ ಸಂಚಿಕೆಯಲ್ಲಿ ಅದನ್ನು ಬೆಂಬಲಿಸಿ ನಾಲ್ಕು ಪತ್ರ ಬಂದವು, ವಿರೋಧಿಸಿ ಒಂದು. ವಿರೋಧಿಸಿದವರು ಒಬ್ಬ ವೈದ್ಯೆ. ಪುಟ ಹೋದರೆ ಹೆಂಗಸರ ಕಷ್ಟ ಹೋಗುವುದಿಲ್ಲ, ದಾರಿ ಮಾತ್ರ ಹೋಗುತ್ತದೆ ಎಂದು ಅವರು ಬರೆದಿದ್ದರು. ನಾನು ನನ್ನ ದಿನಚರಿಯಲ್ಲಿ ‘ನಾಲ್ಕು – ಒಂದು’ ಎಂದು ಬರೆದು ಕೆಳಗೆ ಗೆರೆ ಎಳೆದೆ. ಆಟ ಗೆದ್ದವರ ಹಾಗೆ. ಆಮೇಲೆ ಜಾಹೀರಾತು ಬರುವುದು ನಿಂತಿತು.

ಪತ್ರ ಅಚ್ಚಾದ ದಿನ ಕಾಕಾ ಒಳಗೆ ಕರೆದರು. ಸಂಚಿಕೆ ತೊಡೆಯ ಮೇಲಿತ್ತು.

“ಸುಧಾ, ಇದನ್ನ ನಾ ಬರದೇನಂತ ಇವರು ಛಾಪಿಸ್ಯಾರ.”

ಕೆಳಗೆ ಅಚ್ಚಾಗಿದ್ದ ತಮ್ಮ ಹೆಸರಿನ ಮೇಲೆ ಬೆರಳಿಟ್ಟರು.

“ಸಹಿ ಛಲೋ ಮಾಡೀದಿ ಬಿಡು. ನನಕಿಂತ ಛಲೋ.” ಸಂಚಿಕೆ ಮುಚ್ಚಿ, “ಇನ್ನ ಮ್ಯಾಲೆ ಹಿಂಗ ಮಾಡಬ್ಯಾಡ,” ಎಂದರು. ಅಷ್ಟೇ. ಮುಂದಿನ ವಾರ ಹುಬ್ಬಳ್ಳಿಯ ಇಬ್ಬರು ಡಾಕ್ಟರು ಅವರಿಗೆ ಶಾಭಾಸ್ ಹೇಳಿ ಬರೆದರು. ಅದನ್ನು ಅವರು ಬೇಡವೆನ್ನಲಿಲ್ಲ. ಅದು ಅವರು ಹೇಳಿಕೊಳ್ಳಬೇಕಾದ ಮಾತು. ಇಲ್ಲಿ ನನ್ನದನ್ನು ಹೇಳುತ್ತೇನೆ.

ಇಷ್ಟಕ್ಕೇ ನಿಂತಿದ್ದರೆ — ಆದರೆ ನಿಲ್ಲಲಿಲ್ಲ.

ಮೆಣಸಿನಕಾಯಿ ಬಿಡಿಸುವ ಸುಗ್ಗಿ. ಸಂತೆಯ ದಿವಸ. ಫಕೀರವ್ವ ಮಗಳ ಬಾಣಂತನಕ್ಕೆಂದು ಅಣ್ಣಿಗೇರಿಗೆ ಹೋಗಿದ್ದಳು. ಕಿಂಡಿಯಲ್ಲಿ ನಾನೇ ಕೂತಿದ್ದೆ. ಯರಗುಪ್ಪಿಯ ಆಚೆಯ ಒಂದು ಹಳ್ಳಿಯಿಂದ ಒಬ್ಬಳು ಬಂದಳು. ಅವಳನ್ನು ಇಲ್ಲಿ ರೇಣವ್ವ ಎನ್ನುತ್ತೇನೆ. ಅದು ಅವಳ ಹೆಸರಲ್ಲ.

ಅವಳನ್ನು ನಾನು ಬಲ್ಲೆ. ಹಿಂದಿನ ವರ್ಷ ನಾಲ್ಕನೆಯ ಹೆರಿಗೆಯಲ್ಲಿ ರಕ್ತ ನಿಲ್ಲದೆ ಚಕ್ಕಡಿಯಲ್ಲಿ ಹಾಕಿಕೊಂಡು ಬಂದಿದ್ದರು. ಹಾಗೂ ಹೀಗೂ ಉಳಿದುಕೊಂಡಳು. ಅವಳು ಹೊರಡುವ ದಿನ ಕಾಕಾ ಅವಳ ಗಂಡನಿಗೆ ಹೇಳಿದ್ದನ್ನು ನಾನು ಅಲ್ಲೇ ನಿಂತು ಕೇಳಿದ್ದೆ: “ಇನ್ನೊಂದು ಹಡದ್ರ ಇಕಿ ಉಳಿಯೂದು ಕಠಿಣ. ಆಪರೇಶನ್ ಮಾಡಿಸ್ರಿ.” ಅವನು ತಲೆ ಅಲ್ಲಾಡಿಸಿ ಹೋಗಿದ್ದ. ಮಾಡಿಸಿರಲಿಲ್ಲ.

ಆ ದಿನ ಕಂಕುಳಲ್ಲಿ ಅದೇ ನಾಲ್ಕನೆಯ ಕೂಸು. ಮೆಣಸಿನಕಾಯಿ ಬಿಡಿಸಿದ ಕೈ ಉರಿಯುತ್ತಿರಬೇಕು, ಕೂಸಿನ ಮುಖಕ್ಕೆ ತಾಗದ ಹಾಗೆ ಬೆರಳುಗಳನ್ನು ದೂರ ಚಾಚಿ, ಮುಂಗೈ ಮೇಲೆ ಹೊತ್ತಿದ್ದಳು. ಅದೊಂದು ನನಗೆ ಮರೆಯುವುದಿಲ್ಲ. ಎರಡು ಮಾರು ಹಿಂದೆ ಅತ್ತೆ, ಸಂತೆಯ ಚೀಲ ಹಿಡಿದು.

ಕಾಕಾ ರಕ್ತ ಕೂಡುವ ಗುಳಿಗೆ ಬರೆದುಕೊಟ್ಟಿದ್ದರು. ನಾನು ಎಣಿಸಿ ಚೂರು ಕಾಗದಕ್ಕೆ ಕೈ ಹಾಕಿದೆ.

“ದೊಡ್ಡ ಹಾಳ್ಯಾಗ ಕಟ್ಟಿ ಕೊಡ್ರಿ ಅಕ್ಕಾರ.”

“ಸಣ್ಣದರಾಗ ಹಿಡೀತಾವ,” ಎಂದೆ.

“ಇಲ್ರಿ. ದೊಡ್ಡದರಾಗ ಕಟ್ರಿ.”

ಹಿಂದಿನಿಂದ ಅತ್ತೆ, “ಏನ್ಬೇ, ಗುಳಿಗಿಗೆ ಸೀರಿ ಉಡಸ್ತಿಯೇನು?”

“ಹಾದ್ಯಾಗ ಚೆಲ್ತಾವ್ರಿ ಅತ್ತಿ.”

ಜಾಹೀರಾತು ನಿಂತು ಮೂರು ಸಂಚಿಕೆಯಾಗಿತ್ತು. ಆದರೆ ಒಂದು ಹಾಳೆ ಇನ್ನೂ ಇತ್ತು. ಫಕೀರವ್ವನ ಕತ್ತರಿಗೆ ಸಿಗದ ಹಾಗೆ ನಾನೇ ಹೊಲಿಸಿಟ್ಟ ಪುಸ್ತಕದಲ್ಲಿ. ಅದು ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ‘ಇಲ್ಲ’ ಎನ್ನಬಹುದಾಗಿತ್ತು. ‘ಅದು ಬರೂದು ನಿಂತದ’ ಎನ್ನಬಹುದಾಗಿತ್ತು. ಅಷ್ಟು ಹೇಳಿದ್ದರೂ ಅವಳು ಬೇರೆ ದಾರಿ ಹುಡುಕುತ್ತಿದ್ದಳು, ಕಾಕಾ ಅವರ ಕಾಲಾದರೂ ಹಿಡಿಯುತ್ತಿದ್ದಳು. ನಾನು ಏನು ಮಾಡಿದೆನೆಂದರೆ — ಹೊಸ ಸಂಚಿಕೆಯಿಂದ ಒಂದು ಟಾನಿಕ್ಕಿನ ಜಾಹೀರಾತಿನ ಹಾಳೆ ಕಿತ್ತೆ. ಅದರಲ್ಲೂ ಒಂದು ಹೆಣ್ಣಿನ ಚಿತ್ರ ಇತ್ತು, ಕೆಳಗೆ ವಿಳಾಸವಿತ್ತು. ಅದರಲ್ಲಿ ಗುಳಿಗೆ ಕಟ್ಟಿ ಕಿಂಡಿಯಾಚೆ ಸರಿಸಿದೆ.

ಅವಳು ಗಂಟನ್ನು ತಿರುಗಿಸಿ ನೋಡಿದಳು. ಬಗ್ಗಿ, ಉಸಿರಿನಲ್ಲಿ ಕೇಳಿದಳು:

“ಇದು ಅದs ಹಾಳಿ ಹೌದಲ್ರಿ?”

“ಹೌದು.”

“ದೇವ್ರು ನಿಮ್ಮನ್ನ ಛಲೋ ಇಟ್ಟಿರ್ಲಿ.”

ಹೋದಳು.

ಆ ಹೊತ್ತಿಗೆ ನಾನು ಏನು ಯೋಚಿಸಿದೆ ಎಂಬುದನ್ನು ಬಹಳ ಸಲ ಕೇಳಿಕೊಂಡಿದ್ದೇನೆ. ಒಂದೆರಡು ತಿಂಗಳು ತಡವಾದರೆ ಅವಳೇ ಮನಸ್ಸು ಬದಲಿಸುತ್ತಾಳೆ, ಕೂಸು ಹುಟ್ಟಿದ ಮೇಲೆ ನನ್ನನ್ನು ನೆನೆಯುತ್ತಾಳೆ — ಹೀಗೇನೋ. ಕಾಕಾ ಆಡಿದ ಮಾತು ನೆನಪಿರಲಿಲ್ಲವೇ? ಇತ್ತು. ನೆನಪಿದ್ದೂ ಅದನ್ನು ಬದಿಗಿಟ್ಟೆ. ಅವ್ವನ ಕುಂಚಿಗೆಯ ಲೆಕ್ಕವನ್ನು ರೇಣವ್ವನ ಮೈಯಿಂದ ತುಂಬಿಸಿಕೊಳ್ಳಲು ಹೊರಟಿದ್ದೆ. ಆ ದಿನದ ದಿನಚರಿ ತೆಗೆದು ನೋಡಿದರೆ: ರೋಗಿಗಳು ಇಪ್ಪತ್ತೆಂಟು, ಸಂತೆ ಜೋರು, ಗಾಳಿ. ಬೇರೇನೂ ಇಲ್ಲ.

ಮೂರು ವಾರದ ಮೇಲೆ ರೇಣವ್ವನ ನೆಗೆಣ್ಣಿ, ಅಂದರೆ ಅವಳ ಗಂಡನ ತಮ್ಮನ ಹೆಂಡತಿ, ದವಾಖಾನೆಗೆ ಬಂದಳು. ಫಕೀರವ್ವ ತಿರುಗಿ ಬಂದಿದ್ದಳು. ನಾನೂ ಇದ್ದೆ. ಬಂದವಳು ಕೂಗಾಡಲಿಲ್ಲ. ಕಿಂಡಿಯ ಕಟ್ಟೆಯ ಮೇಲೆ ಎರಡೂ ಕೈ ಊರಿ ಮಾತಾಡಿದಳು.

“ಏನ್ ಹಾಳಿ ಕೊಟ್ಟಿ ಫಕೀರವ್ವ? ಅಕ್ಕ ಹುಬ್ಬಳ್ಳಿಗೆ ಹೋಗಿದ್ಲು. ತವರಮನಿಗೆ ಹೊಂಟೀನಿ ಅಂತ ಸುಳ್ಳು ಹೇಳಿ, ಒಬ್ಬಾಕಿನ. ಹಾಳಿ ಹಿಡಕೊಂಡು ಬಸ್ ಸ್ಟ್ಯಾಂಡಿನಿಂದ ಅವರಿವರ ಮುಂದ ತೋರಿಸ್ಕೋತ. ಯಾವನೋ ಒಂದು ಔಷಧದ ಅಂಗಡಿಗೆ ಕಳಿಸ್ಯಾನ. ಅಂಗಡಿಯವ ನಕ್ಕಾನಂತ. ಇದು ಬಾಣಂತ್ಯಾರ ಟಾನಿಕ್ ಐತವಾ, ನಿನ್ನ ಗಂಡ ಭಾಳ ಛಲೋ ಇದಾನ, ಇದನ್ನ ತರಾಕ ಇಷ್ಟ ದೂರ ಕಳಿಸ್ಯಾನ, ಅಂದನಂತ.”

ಫಕೀರವ್ವ, “ಆಮ್ಯಾಲೆ?” ಎಂದಳು.

“ಆಮ್ಯಾಲೇನು. ಇನ್ನೊಬ್ಬರನ್ನ ಕೇಳಾಕ ನಾಚಿಕಿ. ತಿರುಗಿ ಬಂದ್ಲು. ಎಂಟು ದಿನ ಸುಮ್ಮನಿದ್ದು ಯಾವಾಕೋ ಮುದುಕಿ ಕಡೆ ಹೋಗ್ಯಾಳ. ಕಡ್ಡಿ ಹಾಕ್ಯಾಳ ಆ ಮುದುಕಿ. ಮೈಯಾಗಿನ ರಕ್ತ ಎಲ್ಲಾ… ಟ್ರ್ಯಾಕ್ಟರಿನ್ಯಾಗ ಹಾಕ್ಕೊಂಡು ಹುಬ್ಬಳ್ಳಿ ದೊಡ್ಡ ದವಾಖಾನಿಗೆ ಒಯ್ದಾರ. ಅಲ್ಲಿಂದ ಅವರ ಅಪ್ಪ ಬಂದು ಕರಕೊಂಡು ಹೋಗ್ಯಾನ. ನಮ್ಮನ್ನ ಮಾತಾಡ್ಸಂಗಿಲ್ಲ. ಅಕಿ ಹೆಸರು ಎತ್ತಿದ್ರ ಮನ್ಯಾಗ ನನ್ನ ಮ್ಯಾಲೆ ಬರ್ತಾರ.”

ಅವಳು ಫಕೀರವ್ವನನ್ನೇ ನೋಡುತ್ತಿದ್ದಳು. ಫಕೀರವ್ವ, “ನಾ ಅವತ್ತ ಇದ್ದಿಲ್ಲವಾ,” ಎಂದು ನನ್ನ ಕಡೆ ತಿರುಗಿದಳು. ಈಗಲಾದರೂ ಹೇಳಬಹುದಾಗಿತ್ತು. ನಾನು, “ಯಾವುದೋ ಹಳೇ ಹಾಳಿ ಕೈಗೆ ಬಂದಿರಬೇಕು. ನನಗ ಇದರಾಗಿಂದು ಏನೂ ಗೊತ್ತಿಲ್ಲ,” ಎಂದೆ.

ಎರಡನೆಯ ಸುಳ್ಳು. ಮೊದಲನೆಯದನ್ನು ಒಂದು ನಂಬಿಕೆಗಾಗಿ ಹೇಳಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳಬಹುದಿತ್ತು. ಎರಡನೆಯದು ಬರೀ ನನ್ನ ಚರ್ಮ ಉಳಿಸಿಕೊಳ್ಳಲು.

ನೆಗೆಣ್ಣಿ ಫಕೀರವ್ವನ ಮಾತು ನಂಬಲಿಲ್ಲ. ಡಾಕ್ಟರ ಮನೆಯ ಹುಡುಗಿ ಯಾಕೆ ಹೀಗೆ ಮಾಡುತ್ತಾಳೆ? ಫಕೀರವ್ವನೇ ಮೋಸ ಮಾಡಿದಳು ಎಂದು ಅವಳ ಲೆಕ್ಕ. ಹೋಗುವಾಗ, “ನಿನ್ನ ಹಾಳಿ ನಂಬಿ ಯಾರೂ ಬರೂದಿಲ್ಲ ಇನ್ನ ಮ್ಯಾಲೆ,” ಎಂದು ಹೋದಳು. ಆ ಮಾತು ಹಳ್ಳಿಗಳಲ್ಲಿ ಹಬ್ಬಿತು. ಫಕೀರವ್ವ ಒಂದು ವರ್ಷ ಹಾಗೆಯೇ ದುಡಿದು, ಕೆಲಸ ಬಿಟ್ಟು ಮಗಳ ಮನೆಗೆ ಹೋದಳು. ನನ್ನನ್ನು ಏನೂ ಕೇಳಲಿಲ್ಲ. ನಾನು ಹೊಲಿಸಿಟ್ಟ ಪುಸ್ತಕವನ್ನು ಮಾತ್ರ ಅವಳು ಮತ್ತೆ ಒರೆಸಲಿಲ್ಲ. ಅದರ ಮೇಲೆ ಧೂಳು ಕೂತಿತು.

ಇದನ್ನು ಈಗೇಕೆ ಬರೆಯುತ್ತಿದ್ದೇನೆ? ಕಳೆದ ತಿಂಗಳು, ಸಂಶಿಯ ಕಡೆಯ ಒಬ್ಬ ಹೆಂಗಸು ಕಿಂಡಿಗೆ ಬಂದು ಆ ಮಾತನ್ನೇ ಆಡಿದಳು. “ದೊಡ್ಡ ಹಾಳ್ಯಾಗ ಕಟ್ಟಿ ಕೊಡ್ರಿ.” ಅವಳ ದೊಡ್ಡವ್ವ ಯಾವಾಗಲೋ ಹೇಳಿಕೊಟ್ಟಿದ್ದಳಂತೆ. ಕೈಯಲ್ಲಿದ್ದ ಗುಳಿಗೆ ಕೆಳಗಿಟ್ಟೆ. ಅವಳನ್ನು ಒಳಗೆ ಕರೆದು ಕೂಡಿಸಿ, ಹಾಳೆ ಇಲ್ಲ ಎಂದು ಹೇಳಿ, ಎಲ್ಲಿಗೆ ಹೋಗಬೇಕು, ಎಷ್ಟು ದಿನದೊಳಗೆ ಹೋಗಬೇಕು ಎಂಬುದನ್ನು ಬಾಯಲ್ಲೇ ಹೇಳಿದೆ. ಅವಳು ಅದನ್ನು ಎರಡು ಸಲ ನನ್ನ ಮುಂದೆ ಒಪ್ಪಿಸಿ ಹೋದಳು. ಎಷ್ಟು ಸುಲಭವಾಗಿತ್ತು. ಅಂದು ಕೂಡ ಇಷ್ಟೇ ಸುಲಭವಾಗಿತ್ತು.

ಅದರ ಮರುದಿನ ಅಣ್ಣಿಗೇರಿಗೆ ಹೋದೆ. ಫಕೀರವ್ವ ಕಡಲೆ ಹಸನು ಮಾಡುತ್ತಿದ್ದಳು. ಎಲ್ಲವನ್ನೂ ಹೇಳಿದೆ — ಪತ್ರ, ಸಹಿ, ಟಾನಿಕ್ಕಿನ ಹಾಳೆ, ಎರಡೂ ಸುಳ್ಳು. ಅವಳು ಮೊರ ಕೆಳಗಿಡಲಿಲ್ಲ.

“ತಪ್ಪಾತು ಅಂತ ನನ್ನ ಮುಂದ ಯಾಕ ಹೇಳ್ತಿ?” ಎಂದಳು. “ನಾ ಉಂಡು ತಿಂದು ಬದುಕೀನಿ. ಬೈಸ್ಕೊಂಡೆ, ಬಿಟ್ಟೆ. ಅಕಿ ಎಲ್ಲ್ಯದಾಳ ನೋಡು.”

“ಹೆಂಗ ನೋಡ್ಲಿ?”

“ಸುಳ್ಳು ಹೇಳೂ ಮುಂದ ನನ್ನ ಕೇಳಿ ಹೇಳಿದ್ಯೇನು?”

ಚಹಾ ಕೊಟ್ಟಳು. ಕುಡಿದು ಬಂದೆ.

ಹೇಗೆ ನೋಡಲಿ — ಅದನ್ನೇ ಅಂದಿನಿಂದ ಯೋಚಿಸಿದ್ದೇನೆ. ಅವಳ ಊರಿಗೆ ಹೋಗಿ ಹೆಸರು ಹಿಡಿದು ಕೇಳಿದರೆ, ಆರು ವರ್ಷ ಅವಳು ಮುಚ್ಚಿಟ್ಟದ್ದನ್ನು ನಾನೇ ಬಯಲು ಮಾಡಿದಂತೆ. ಅವಳಿಗೆ ಇನ್ನೊಂದು ಅನ್ಯಾಯ. ಅದಕ್ಕೆ ಹೆಸರು ಬದಲಿಸಿ ಬರೆದಿದ್ದೇನೆ, ಊರು ಹೇಳಿಲ್ಲ.

ಆ ಜಾಹೀರಾತಿನ ಬಗ್ಗೆ ಈಗಲೂ ನನ್ನ ಮನಸ್ಸು ಪೂರ್ತಿ ತಿಳಿಯಾಗಿಲ್ಲ. ಹಾಲುಪುಡಿಯ ಕೂಸಿನ ಬೆನ್ನಿಗೆ ಅದನ್ನು ಅಚ್ಚು ಹಾಕಿದ್ದು ನನಗೆ ಇಂದಿಗೂ ಹಿಡಿಸುವುದಿಲ್ಲ. ಆಕ್ಷೇಪಿಸಬೇಕೆಂದಿದ್ದರೆ ನನ್ನ ಹೆಸರಿನಲ್ಲಿ ಆಕ್ಷೇಪಿಸಬಹುದಾಗಿತ್ತು, ಆ ವೈದ್ಯೆಯ ಪತ್ರಕ್ಕೆ ಉತ್ತರ ಹುಡುಕಬಹುದಾಗಿತ್ತು. ಕಿಂಡಿಗೆ ಬಂದವಳ ಕೈಗೆ ತಪ್ಪು ದಾರಿ ಕೊಟ್ಟು ಸರಿಯಾದದ್ದು ಎನ್ನುವ ಹಕ್ಕು ಯಾವ ಆಕ್ಷೇಪಣೆಯೂ ಕೊಡುವುದಿಲ್ಲ.

ನಿನ್ನೆ ಆ ಮಾಸಿಕದ ಸಂಪಾದಕರಿಗೆ ಮತ್ತೆ ಬರೆದಿದ್ದೇನೆ. ಆ ಪತ್ರ ನಮ್ಮ ಕಾಕಾ ಅವರದಲ್ಲ, ನನ್ನದು ಎಂದು. ಅದರಿಂದ ಏನಾಯಿತು ಎಂದು. ಕಾಕಾ ಅವರಿಗೆ ಓದಿ ತೋರಿಸಿದೆ. ಅವರು ಕನ್ನಡಕ ತೆಗೆದು ಮಡಚಿಟ್ಟು, “ಕಳಸು,” ಎಂದರು. ಈ ಸಲ ಸಹಿ ನನ್ನದು. ನನ್ನ ಸಹಿ ಅಷ್ಟು ಚೆನ್ನಾಗಿಲ್ಲ.

ರೇಣವ್ವ, ಇದನ್ನು ಯಾರಾದರೂ ನಿನಗೆ ಓದಿ ಹೇಳಿದರೆ — ಅದು ಆ ಹಾಳೆಯಾಗಿರಲಿಲ್ಲ. ನನಗೆ ಗೊತ್ತಿತ್ತು. ನಿನ್ನ ತಪ್ಪೇನೂ ಇರಲಿಲ್ಲ. ನೀನು ಸರಿಯಾಗಿಯೇ ಕೇಳಿದ್ದೆ.

ಓದುವವರಲ್ಲಿ ಯಾರಿಗಾದರೂ, ಆರು ವರ್ಷದ ಹಿಂದೆ, ಮೆಣಸಿನಕಾಯಿ ಸುಗ್ಗಿಯಲ್ಲಿ, ತಪ್ಪು ಹಾಳೆ ಹಿಡಿದು ಹುಬ್ಬಳ್ಳಿಯಲ್ಲಿ ಅಲೆದ ಒಬ್ಬಳ ಸಂಗತಿ ತಿಳಿದಿದ್ದರೆ, ಇದು ಅಚ್ಚಾಗುತ್ತಿರುವ ಈ ಕನ್ನಡ ಪತ್ರಿಕೆಯ ವಿಳಾಸಕ್ಕೆ ನನಗೊಂದು ಕಾರ್ಡು ಬರೆಯಿರಿ. ಅವಳ ಹೆಸರು ಬೇಡ, ಊರು ಬೇಡ, ನಿಮ್ಮ ಹೆಸರೂ ಬೇಡ. ಅವಳ ಮನೆಯವರನ್ನು ದಯವಿಟ್ಟು ಏನೂ ಕೇಳಬೇಡಿ. ‘ಇದ್ದಾಳೆ’ ಎಂದೋ ‘ಇಲ್ಲ’ ಎಂದೋ, ಅಷ್ಟು ಬರೆದರೆ ಸಾಕು. ಯಾವುದಾದರೂ ಸರಿ, ನಿಜ ಬರೆಯಿರಿ.